ನಳ ಹತ್ತು ದಿನಕ್ಕೊಮ್ಮೆ, ಜ್ವರ ಮನೆಮನೆಗೆ: ಡೆಂಗಿ, ಟೈಫಾಯ್ಡ್, ವಾಂತಿಭೇದಿ, ಕಾಮಣಿ ಬಗ್ಗೆ ಫಾರ್ವರ್ಡ್‌ಗಳು ಹೇಳದ ಮಾತು

ಮಳೆ ಶುರುವಾಗಿ ಎರಡು-ಮೂರು ವಾರ ಆಗುತ್ತಿದ್ದಂತೆ ಮೊಬೈಲಿನಲ್ಲಿ ಜ್ವರದ ಸಂದೇಶಗಳೂ ಶುರುವಾಗುತ್ತವೆ. ಪಪ್ಪಾಯಿ ಎಲೆ ರಸ ಕುಡಿದರೆ ಒಂದೇ ದಿನದಲ್ಲಿ ಪ್ಲೇಟ್‌ಲೆಟ್ ಏರುತ್ತದೆ, ಕೋಳಿ ತಿಂದರೆ ಚಿಕೂನ್‌ಗುನ್ಯಾ ಬರುತ್ತದೆ, ಭೇದಿಯಾದಾಗ ನೀರು ಕುಡಿದರೆ ಭೇದಿ ಹೆಚ್ಚಾಗುತ್ತದೆ, ಕಾಮಣಿಗೆ ಇಂಗ್ಲಿಷ್ ಔಷಧವೇ ಇಲ್ಲ – ಹೀಗೆ. ಕೊನೆಗೆ ‘ಎಲ್ಲಾ ಗ್ರೂಪಿಗೂ ಕಳಿಸಿ, ಒಂದು ಜೀವ ಉಳಿಸಿ’ ಎಂಬ ಸಾಲು ಇದ್ದೇ ಇರುತ್ತದೆ.

ಈ ಸಂದೇಶಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಆದರೆ ಎಲ್ಲದರಲ್ಲೂ ಒಂದು ಕೊರತೆ ಇದೆ. ರೋಗಿಯನ್ನು ಯಾವ ಹೊತ್ತಿಗೆ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಅವು ಹೇಳುವುದಿಲ್ಲ. ಜೀವ ಉಳಿಯುವುದೋ ಹೋಗುವುದೋ ಬಹಳ ಸಲ ನಿರ್ಧಾರವಾಗುವುದು ಅದರಿಂದಲೇ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದವರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಇಲ್ಲಿನ ಸಾಮಾನ್ಯ ಸಾಂಕ್ರಾಮಿಕ ರೋಗಗಳಿಗೂ ನಳದ ನೀರಿಗೂ ಗಟ್ಟಿ ನಂಟಿದೆ. ಅದನ್ನು ತಿಳಿದುಕೊಂಡರೆ ಯಾವ ಫಾರ್ವರ್ಡ್ ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಒಂದೇ ಬ್ಯಾರಲ್, ಎರಡು ಬಗೆಯ ರೋಗ

ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಿಂದ ಗದಗ-ಬೆಟಗೇರಿಗೆ ನೀರು ಬರುತ್ತದೆ. ಆದರೂ ಎಷ್ಟೋ ಓಣಿಗಳಲ್ಲಿ ನಳ ಬರುವುದು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಇನ್ನೂ ತಡ. ಹಾಗಾಗಿ ನಳ ಬಂದ ದಿನ ಬ್ಯಾರಲ್, ಹಂಡೆ, ಕೊಡ, ಸಿಮೆಂಟಿನ ತೊಟ್ಟಿ, ಹೀಗೆ ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ತುಂಬಿಸಿಡುವುದು ಅನಿವಾರ್ಯ. ಇದು ಜನರ ತಪ್ಪಲ್ಲ. ಆದರೆ ತುಂಬಿಟ್ಟ ನೀರು ಎರಡು ಬಗೆಯಲ್ಲಿ ರೋಗ ತರುತ್ತದೆ.

ಮೊದಲನೆಯದು ಸೊಳ್ಳೆಯ ಮೂಲಕ. ನೀರು ಶುದ್ಧವಾಗಿದ್ದರೂ ಅದರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ, ಚಿಕೂನ್‌ಗುನ್ಯಾ ಬರುವುದು ಹೀಗೆ.

ಎರಡನೆಯದು ನೀರಿನೊಳಗಿನ ಕೊಳೆಯ ಮೂಲಕ. ಪೈಪಿನಲ್ಲಿ ಸದಾ ನೀರು ಇದ್ದರೆ ಒಳಗಿನ ಒತ್ತಡ ಹೊರಗಿನ ಕೊಳೆಯನ್ನು ತಡೆಯುತ್ತದೆ. ದಿನಗಟ್ಟಲೆ ಪೈಪು ಖಾಲಿ ಬಿದ್ದಾಗ ಒಡಕು, ಸಡಿಲ ಜೋಡಣೆ ಇರುವಲ್ಲಿ ಪಕ್ಕದ ಗಟಾರದ ನೀರು ಒಳಗೆ ಜಿನುಗುತ್ತದೆ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ಎಳೆದರೆ ಈ ಕೊಳೆ ಇನ್ನಷ್ಟು ಸುಲಭವಾಗಿ ಒಳಬರುತ್ತದೆ. ಟೈಫಾಯ್ಡ್, ಕಾಲರಾ, ವಾಂತಿಭೇದಿ, ಕಾಮಣಿ ಹರಡುವುದು ಹೀಗೆ.

ಹತ್ತು ದಿನದ ಲೆಕ್ಕ

ಡೆಂಗಿ ಹರಡುವ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ಮೈಮೇಲೆ, ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಇದು ಕಚ್ಚುವುದು ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಗಟಾರದ ಕೊಳಚೆಗಿಂತ ಮನೆಯ ಸುತ್ತಲಿನ ತಿಳಿನೀರೇ ಇದಕ್ಕೆ ಇಷ್ಟ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟಿ ಹಾರುವುದೂ ಇಲ್ಲ. ಅಂದರೆ ನಿಮ್ಮನ್ನು ಕಚ್ಚಿದ ಡೆಂಗಿ ಸೊಳ್ಳೆ ನಿಮ್ಮ ಮನೆಯದು, ಇಲ್ಲವೇ ನಿಮ್ಮ ಓಣಿಯದು.

ಮೊಟ್ಟೆ ಒಡೆದು, ಮರಿಯಾಗಿ, ರೆಕ್ಕೆ ಬಂದು ಸೊಳ್ಳೆ ಹಾರಿಹೋಗಲು 7ರಿಂದ 10 ದಿನ ಬೇಕು. ಈಗ ನಿಮ್ಮ ಓಣಿಯ ನಳದ ಪಾಳಿ ನೆನಪಿಸಿಕೊಳ್ಳಿ. ನಳ ಎರಡು ದಿನಕ್ಕೊಮ್ಮೆ ಬಂದರೆ ಬ್ಯಾರಲ್ ಬೇಗ ಖಾಲಿಯಾಗಿ ಮರಿಗಳು ಚೆಲ್ಲಿಹೋಗುತ್ತವೆ. ಹತ್ತು ದಿನಕ್ಕೊಮ್ಮೆ ಬಂದರೆ ಸೊಳ್ಳೆಗೆ ತನ್ನ ಹುಟ್ಟು ಮುಗಿಸಲು ಬೇಕಾದಷ್ಟೇ ಸಮಯ ಸಿಕ್ಕಂತಾಗುತ್ತದೆ. ನೀರಿನ ಬರ ಇರುವ ಒಣ ಊರಿನಲ್ಲೂ ಡೆಂಗಿ ಹೆಚ್ಚುವುದು ಇದಕ್ಕೇ.

ಇನ್ನೊಂದು ಸಂಗತಿ ಇದೆ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಒಳಗೋಡೆಯ ಮೇಲೆ. ಆ ಮೊಟ್ಟೆ ನೀರಿಲ್ಲದೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದಾಗ ಒಡೆದು ಮರಿಯಾಗುತ್ತದೆ. ಹಾಗಾಗಿ ತಳದ ನೀರು ಚೆಲ್ಲಿ, ಮೇಲೊಂದಿಷ್ಟು ನೀರು ಸುರಿದು ತೊಳೆದರೆ ಸಾಲದು. ಒಳಗೋಡೆಯನ್ನು ತೆಂಗಿನ ನಾರು ಅಥವಾ ಗಟ್ಟಿ ಬ್ರಷ್‌ನಿಂದ ತಿಕ್ಕಬೇಕು. ನಳ ಬರುವ ದಿನ ಬ್ಯಾರಲ್ ಹೇಗೂ ತಳ ಕಂಡಿರುತ್ತದೆ. ನೀರು ತುಂಬುವ ಮುಂಚೆ ಐದು ನಿಮಿಷ ತಿಕ್ಕುವುದು ಡೆಂಗಿ ವಿರುದ್ಧ ಒಂದು ಮನೆ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.

ತುಂಬಿದ ಮೇಲೆ ಬಾಯಿಗೆ ಹಳೆಯ ಬಿಳಿ ಪಂಚೆ ಅಥವಾ ಸೀರೆಯ ಬಟ್ಟೆ ಬಿಗಿಯಾಗಿ ಕಟ್ಟಿ. ಸುಮ್ಮನೆ ತಗಡು ಮುಚ್ಚಿದರೆ ಸಂದಿಯಿಂದ ಸೊಳ್ಳೆ ನುಗ್ಗುತ್ತದೆ. ಖಾಲಿ ಮಾಡಲು ಆಗದ ದೊಡ್ಡ ತೊಟ್ಟಿ ಇದ್ದರೆ ಆರೋಗ್ಯ ಇಲಾಖೆಯವರು ಬಿಡುವ ಗಂಬೂಸಿಯಾ ಅಥವಾ ಗಪ್ಪಿ ಮೀನು ಮರಿಗಳನ್ನು ತಿನ್ನುತ್ತದೆ. ಆಶಾ ಕಾರ್ಯಕರ್ತೆಯರು ಬ್ಯಾಟರಿ ಹಿಡಿದು ನಿಮ್ಮ ಬ್ಯಾರಲ್‌ನೊಳಗೆ ಇಣುಕುವುದು ಈ ಮರಿಗಳನ್ನು ಹುಡುಕಲು. ಅವರನ್ನು ಬಾಗಿಲಲ್ಲೇ ಕಳಿಸಬೇಡಿ.

2024ರಲ್ಲಿ ರಾಜ್ಯದಲ್ಲಿ ಡೆಂಗಿ ವಿಪರೀತವಾಗಿ, ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದೂ ನಿಯಮ ಮಾಡಿತು.

ಜ್ವರ ಬಿಟ್ಟಿತು ಅಂದರೆ ಗುಣವಾಯಿತು ಅಂತಲ್ಲ

ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನದೊಳಗೆ ಒಮ್ಮೆಲೇ ಜ್ವರ ಏರುತ್ತದೆ. ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ಮುರಿದಂಥ ನೋವು, ವಾಕರಿಕೆ, ಕೆಲವರಿಗೆ ಮೈಮೇಲೆ ಕೆಂಪು ಗಂಧೆ. ಬಹುಪಾಲು ಜನ ಒಂದು ವಾರದಲ್ಲಿ ತಾವಾಗಿಯೇ ಗುಣವಾಗುತ್ತಾರೆ.

ಅಪಾಯ ಬರುವುದು ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ. ಜ್ವರ ಶುರುವಾದ ಮೂರನೇ ದಿನದಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ಮನೆಯವರು ‘ಸದ್ಯ, ಬಿಡ್ತಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ಕೆಲವರಲ್ಲಿ ಅಪಾಯ ಶುರುವಾಗುವುದೇ ಆಗ. ಮುಂದಿನ 24ರಿಂದ 48 ಗಂಟೆ ಬಹಳ ಸೂಕ್ಷ್ಮ. ಆಗ ರಕ್ತನಾಳಗಳ ಗೋಡೆ ಸೋರತೊಡಗಿ, ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ನಾಳದೊಳಗೆ ಉಳಿದ ರಕ್ತ ಮಂದವಾಗಿ, ಬಿಪಿ ಕುಸಿದು, ಕೈಕಾಲು ತಣ್ಣಗಾಗುತ್ತವೆ. ಕೈಕಾಲು ತಣ್ಣಗಾದುದನ್ನೂ ಎಷ್ಟೋ ಜನ ‘ಜ್ವರ ಪೂರ್ತಿ ಇಳಿದಿದೆ’ ಎಂದೇ ತಿಳಿಯುತ್ತಾರೆ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ:

– ತಡೆಯಲಾಗದ ಹೊಟ್ಟೆನೋವು
– ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ವಾಂತಿ
– ವಸಡು, ಮೂಗಿನಿಂದ ರಕ್ತ, ವಾಂತಿಯಲ್ಲಿ ರಕ್ತ, ಕಪ್ಪು ಮಲ
– ಏದುಸಿರು
– ವಿಪರೀತ ಸುಸ್ತು, ಮಂಪರು, ಚಡಪಡಿಕೆ
– ಕೈಕಾಲು ತಣ್ಣಗಾಗಿ ಬೆವರುವುದು
– ಆರು ಗಂಟೆಯಾದರೂ ಮೂತ್ರ ಆಗದಿರುವುದು

ಸಮಯಕ್ಕೆ ಸರಿಯಾದ ಆರೈಕೆ ಸಿಕ್ಕರೆ ತೀವ್ರ ಡೆಂಗಿಯಲ್ಲೂ ಸಾವಿನ ಪ್ರಮಾಣ ಶೇಕಡಾ 1ಕ್ಕಿಂತ ಕೆಳಗೆ ಇಳಿಯುತ್ತದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಈ ಲಕ್ಷಣಗಳಿಗೆ ಕಾಯದೆ ಮೊದಲೇ ವೈದ್ಯರನ್ನು ಕಾಣಬೇಕು. ‘ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ’ ಎಂಬ ಮಾತೂ ತಪ್ಪು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಎರಡನೇ ಸಲ ಬೇರೆ ಬಗೆಯದು ಬಂದರೆ ತೀವ್ರವಾಗುವ ಸಾಧ್ಯತೆ ಹೆಚ್ಚು.

ಪಪ್ಪಾಯಿ ಎಲೆ ಮತ್ತು ಪ್ಲೇಟ್‌ಲೆಟ್ ಗಾಬರಿ

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು. ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಡೆಂಗಿಯಲ್ಲಿ ಇಳಿಯುತ್ತವೆ, ಒಂದು ವಾರ ದಾಟುತ್ತಿದ್ದಂತೆ ತಾವಾಗಿಯೇ ಏರುತ್ತವೆ. ಆರನೇ ದಿನ ಪಪ್ಪಾಯಿ ರಸ ಕುಡಿದವರಿಗೂ ಏರುತ್ತದೆ, ಬರೀ ಗಂಜಿ ಕುಡಿದವರಿಗೂ ಏರುತ್ತದೆ. ಕುಡಿದವರು ಮಾತ್ರ ವಿಡಿಯೊ ಮಾಡಿ ಕಳಿಸುತ್ತಾರೆ.

ಪಪ್ಪಾಯಿ ಎಲೆಯ ಮೇಲೆ ಕೆಲವು ಸಣ್ಣ ಅಧ್ಯಯನಗಳು ನಡೆದಿವೆ. ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿದ್ದನ್ನು ಅವುಗಳಲ್ಲಿ ಕೆಲವು ಕಂಡಿವೆ. ಆದರೆ ಅದರಿಂದ ರಕ್ತನಾಳದ ಸೋರಿಕೆ ನಿಂತಿತು, ಸಾವು ತಪ್ಪಿತು ಎಂಬುದಕ್ಕೆ ಪುರಾವೆ ಇಲ್ಲ. ಡೆಂಗಿಯಲ್ಲಿ ಜೀವಕ್ಕೆ ಎರವಾಗುವುದು ಮುಖ್ಯವಾಗಿ ಆ ಸೋರಿಕೆ. ಹಾಗಾಗಿ ಸಿಬಿಸಿ ವರದಿ ಬಂದಾಗ ಪ್ಲೇಟ್‌ಲೆಟ್ ಸಾಲಿನ ಜೊತೆಗೆ ‘ಎಚ್‌ಸಿಟಿ’ ಅಥವಾ ‘ಪಿಸಿವಿ’ ಎಂಬ ಸಾಲನ್ನೂ ವೈದ್ಯರಿಗೆ ತೋರಿಸಿ ಕೇಳಿ. ಅದು ಏರುತ್ತಿದ್ದರೆ ರಕ್ತ ಮಂದವಾಗುತ್ತಿದೆ ಎಂದರ್ಥ.

ರಸ ಕುಡಿದೇ ತೀರಬೇಕು ಎಂಬ ಹಟದಲ್ಲಿ ಎರಡು ನಷ್ಟ ಇವೆ. ಆ ಕಹಿಗೆ ವಾಂತಿಯಾಗಿ ಮೈಯ ನೀರು ಇನ್ನಷ್ಟು ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡದು, ‘ಔಷಧ ನಡೆದಿದೆಯಲ್ಲ’ ಎಂಬ ಧೈರ್ಯದಲ್ಲಿ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ.

ಪ್ಲೇಟ್‌ಲೆಟ್ 50 ಸಾವಿರಕ್ಕೆ ಇಳಿದ ಕೂಡಲೇ ರಕ್ತದಾನಿಗಳನ್ನು ಹುಡುಕುವ ಸಂದೇಶಗಳೂ ಹರಿದಾಡುತ್ತವೆ. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗಿಳಿದಾಗ ಪ್ಲೇಟ್‌ಲೆಟ್ ಏರಿಸುವ ವಿಚಾರ ಬರುತ್ತದೆ. ರಕ್ತಸ್ರಾವ ಇದ್ದರೆ ಮಾತು ಬೇರೆ. ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಯಾವ ಮಾತ್ರೆ, ಯಾವ ಪರೀಕ್ಷೆ?

ಡೆಂಗಿ ವೈರಸ್ ಕೊಲ್ಲುವ ಮಾತ್ರೆ ಇಲ್ಲ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಎರಡು ಡೋಸ್ ನಡುವೆ ಕನಿಷ್ಠ ಆರು ಗಂಟೆ ಅಂತರ ಇರಲಿ. ಮಕ್ಕಳಿಗೆ ತೂಕ ನೋಡಿ ಪ್ರಮಾಣ ನಿರ್ಧರಿಸಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಅಂಗಡಿಯಲ್ಲಿ ‘ಜ್ವರದ ಗುಳಿಗಿ’ ಎಂದು ಕೊಡುವ ಕೆಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಕೂಡ ಸೇರಿರುತ್ತದೆ. ಹಾಳೆಯ ಹಿಂಬದಿಯ ಸಣ್ಣ ಅಕ್ಷರ ಓದಿಯೇ ಕೊಳ್ಳಿ.

‘ಒಂದು ಬಾಟ್ಲಿ ಹಚ್ಚಿಸಿಬಿಡ್ರಿ’ ಎಂದು ನಾವೇ ವೈದ್ಯರನ್ನು ಒತ್ತಾಯಿಸುವುದೂ ಉಂಟು. ಅರ್ಧ ಲೀಟರಿನ ಗ್ಲುಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ ಅಂಶ ಮತ್ತು ನೀರು. ಬಾಯಿಂದ ಕುಡಿಯಲು ಆಗುವವರಿಗೆ ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಅಷ್ಟೇ ಕೆಲಸ ಮಾಡುತ್ತವೆ. ಡೆಂಗಿಯ ಸೂಕ್ಷ್ಮ ದಿನಗಳಲ್ಲಿ ಲೆಕ್ಕವಿಲ್ಲದೆ ಸಲೈನ್ ಏರಿಸಿದರೆ ಶ್ವಾಸಕೋಶಕ್ಕೆ ನೀರು ತುಂಬುವ ಅಪಾಯವೂ ಇದೆ.

ಪರೀಕ್ಷೆಯ ಮಾತಿಗೆ ಬಂದರೆ, ಜ್ವರದ ಮೊದಲ ಐದು ದಿನ ಎನ್‌ಎಸ್1, ಅದರ ನಂತರ ಐಜಿಎಂ ಉಪಯುಕ್ತ. ಎಲೈಸಾ ವಿಧಾನದ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ. ಹತ್ತು ನಿಮಿಷದ ಕಾರ್ಡ್ ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಎಲೈಸಾ ಎನ್‌ಎಸ್1ಗೆ 300, ಐಜಿಎಂಗೆ 300, ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಮಿತಿ ಹಾಕಿತ್ತು.

ಡೆಂಗಿ ರೋಗಿಯನ್ನು ಮೊದಲ ವಾರ ಹಗಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಡೆಂಗಿ ಮುಟ್ಟಿದರೆ ಬರುವುದಿಲ್ಲ. ಆದರೆ ರೋಗಿಯನ್ನು ಕಚ್ಚಿದ ಸೊಳ್ಳೆ ಒಂದೆರಡು ವಾರದಲ್ಲಿ ಪಕ್ಕದ ಮನೆಯ ಮಗುವಿಗೆ ವೈರಸ್ ಮುಟ್ಟಿಸಬಲ್ಲದು.

ಚಿಕೂನ್‌ಗುನ್ಯಾದಲ್ಲಿ ‘ಚಿಕನ್’ ಇಲ್ಲ

2005ರ ಕೊನೆಯಿಂದ 2006ರವರೆಗೆ ಕರ್ನಾಟಕವನ್ನು, ಅದರಲ್ಲೂ ಉತ್ತರದ ಜಿಲ್ಲೆಗಳನ್ನು ಚಿಕೂನ್‌ಗುನ್ಯಾ ಹಣ್ಣು ಮಾಡಿತ್ತು. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು. ಹೆಸರಿನಲ್ಲಿ ‘ಚಿಕನ್’ ಎಂದು ಕೇಳಿಸುವ ಕಾರಣಕ್ಕೆ ಕೋಳಿಯಿಂದ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಅದು ಇವತ್ತಿಗೂ ಫಾರ್ವರ್ಡ್ ಆಗುತ್ತಲೇ ಇದೆ.

ಹೆಸರು ಬಂದದ್ದು ಆಫ್ರಿಕಾದ ಟಾಂಜಾನಿಯಾ-ಮೊಜಾಂಬಿಕ್ ಗಡಿಯ ಮಕೊಂಡೆ ಭಾಷೆಯಿಂದ. ಅದರ ಅರ್ಥ ‘ಬಾಗಿ ಮುದುಡುವುದು’. ಕೀಲುನೋವಿಗೆ ರೋಗಿ ಬಗ್ಗಿ ನಡೆಯುವುದರಿಂದ ಆ ಹೆಸರು. ಹರಡುವುದು ಅದೇ ಈಡಿಸ್ ಸೊಳ್ಳೆ. ಜ್ವರ ಕೆಲವೇ ದಿನಗಳಲ್ಲಿ ಬಿಟ್ಟರೂ ಕೀಲುನೋವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ನೋವಿನ ಮಾತ್ರೆ ನುಂಗಬೇಡಿ. ನೋವು ಬೇಗ ಇಳಿಯಲಿ ಎಂದು ಹೆಸರೇ ಇಲ್ಲದ ಪುಡಿ, ಗುಳಿಗೆಗಳನ್ನು ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇರುತ್ತದೆ.

ವಿಡಾಲ್ ಪಾಸಿಟಿವ್ ಅಂದರೆ ಟೈಫಾಯ್ಡ್ ಎಂದೇ ಅರ್ಥವೇ?

ಅಲ್ಲ. ಟೈಫಾಯ್ಡ್ ತರುವುದು ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ರೋಗಿಯ ಮಲದಿಂದ ನೀರಿಗೆ, ಆಹಾರಕ್ಕೆ ಸೇರಿ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಡೆಂಗಿ ಜ್ವರ ಒಮ್ಮೆಲೇ ಏರಿದರೆ ಇದು ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಹೊಟ್ಟೆನೋವು, ಹಸಿವಿಲ್ಲದಿರುವುದು, ತಲೆನೋವು, ಮಲಬದ್ಧತೆ ಅಥವಾ ಭೇದಿ ಜೊತೆಗಿರುತ್ತವೆ.

ನಮ್ಮಲ್ಲಿ ಹೆಚ್ಚು ಮಾಡಿಸುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಅದು ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣುವಿನ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯವನ್ನು ಹುಡುಕುತ್ತದೆ. ಹಿಂದೆಂದೋ ಟೈಫಾಯ್ಡ್ ಆಗಿದ್ದರೂ, ಬೇರೆ ಸೋಂಕು ಇದ್ದರೂ ಅದು ಪಾಸಿಟಿವ್ ತೋರಿಸಬಹುದು. ಜ್ವರ ಬಂದ ಎರಡನೇ ದಿನ ವಿಡಾಲ್ ಮಾಡಿಸಿ ‘ಟೈಫಾಯ್ಡ್ ಹೊರಟಿದೆ’ ಎಂದು ಆ್ಯಂಟಿಬಯಾಟಿಕ್ ಶುರು ಮಾಡಿದರೆ, ಅಸಲಿಗೆ ಇದ್ದ ಡೆಂಗಿ ಕಣ್ತಪ್ಪಿಹೋಗಬಹುದು. ನಂಬಬಹುದಾದ ಪರೀಕ್ಷೆ ಬ್ಲಡ್ ಕಲ್ಚರ್. ಅದನ್ನು ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಮಾಡಿಸಬೇಕು. ಯಾವ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆ ಎಂಬುದೂ ಅದರಲ್ಲೇ ತಿಳಿಯುತ್ತದೆ. ಒಂದು ಕಾಲದಲ್ಲಿ ಟೈಫಾಯ್ಡ್‌ಗೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ಭಾರತದಲ್ಲಿ ಬಹುತೇಕ ಕಡೆ ಈಗ ಅದು ಬಗ್ಗುತ್ತಿಲ್ಲ.

ಟೈಫಾಯ್ಡ್ ಎಂದು ಖಚಿತವಾದರೆ ಕೋರ್ಸ್ ಪೂರ್ತಿ ಮಾಡಿ. ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಚಿಕಿತ್ಸೆ ಸಿಗದೆ ಎರಡು-ಮೂರು ವಾರ ಕಳೆದರೆ ಕರುಳು ತೂತಾಗುವ ಅಪಾಯವೂ ಇದೆ. ಮಕ್ಕಳಿಗೆ 6 ತಿಂಗಳ ನಂತರ ಕೊಡಬಹುದಾದ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಭಾರತದಲ್ಲೇ ತಯಾರಾಗುತ್ತದೆ. ಮಕ್ಕಳ ವೈದ್ಯರನ್ನು ಕೇಳಿ.

ಭೇದಿಗೆ ನೀರು ನಿಲ್ಲಿಸಬೇಡಿ

ವಾಂತಿಭೇದಿಯಲ್ಲಿ ಜೀವ ಹೋಗುವುದು ಮೈಯ ನೀರು ಮತ್ತು ಉಪ್ಪಿನಂಶ ಬರಿದಾಗುವುದರಿಂದ. ‘ಕುಡಿದದ್ದೆಲ್ಲ ಹೋಗುತ್ತದೆ, ಹೊಟ್ಟೆ ಖಾಲಿ ಇಡಿ’ ಎಂಬ ಸಲಹೆ ಮಕ್ಕಳ ಪಾಲಿಗೆ ಪ್ರಾಣಾಪಾಯ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಲು ಶುರು ಮಾಡಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗೆ ಇಳಿಯಿತು. ಇವತ್ತಿನ ಓಆರ್‌ಎಸ್ ಮನೆಮನೆಗೆ ಬಂದದ್ದರ ಹಿಂದೆ ಈ ಅನುಭವ ದೊಡ್ಡದು. ಕರುಳು ಸೋತಿದ್ದರೂ ಸಕ್ಕರೆ ಜೊತೆಗಿದ್ದರೆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದೇ ಅದರ ಗುಟ್ಟು.

ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಬಳಸಿ. ದೊಡ್ಡದು 1 ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಹಾನಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. 6 ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆ, 14 ದಿನ. ಇವೆರಡೂ ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆಯರಲ್ಲಿ ಉಚಿತವಾಗಿ ಸಿಗುತ್ತವೆ.

ಬಣ್ಣದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಬಾರದೆಂದು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶಿಸಿದೆ. ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಗು ಕುಡಿಯಲಾರದಷ್ಟು ಸೋತರೆ, ಮಲದಲ್ಲಿ ರಕ್ತ ಕಂಡರೆ, ಅಕ್ಕಿ ತೊಳೆದ ನೀರಿನಂತೆ ಭೇದಿಯಾಗುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಇರಿ.

ಕಾಮಣಿ ಔಷಧ ‘ಕೆಲಸ ಮಾಡುವುದು’ ಏಕೆ?

ಕಾಮಣಿ ಅಥವಾ ಕಾಮಾಲೆ ಒಂದು ಲಕ್ಷಣ. ಪಿತ್ತಜನಕಾಂಗಕ್ಕೆ ತೊಂದರೆಯಾದಾಗ ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಅನ್ನ ಕಂಡರೆ ವಾಕರಿಕೆ ಬರುತ್ತದೆ. ಕೊಳಕು ನೀರಿನಿಂದ ಬರುವುದು ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಇವು ಹೊಟ್ಟೆಗೆ ಹೋಗಿ ಲಕ್ಷಣ ಕಾಣಲು ಎರಡು ವಾರದಿಂದ ಎರಡು ತಿಂಗಳು ಹಿಡಿಯುತ್ತದೆ. ಅಂದರೆ ತಪ್ಪು ನಿನ್ನೆ ಕುಡಿದ ನೀರಿನದಲ್ಲ, ಹೋದ ತಿಂಗಳು ಕುಡಿದದ್ದು.

ಈ ಎರಡೂ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಹಾಗಾಗಿ ಆ ಹೊತ್ತಿನಲ್ಲಿ ಯಾವ ಎಲೆಯ ರಸ ಕುಡಿದರೂ, ಯಾರ ಬಳಿ ದಾರ ಕಟ್ಟಿಸಿಕೊಂಡರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಆದರೆ ಹೆಪಟೈಟಿಸ್ ಬಿ, ಸಿ, ಪಿತ್ತನಾಳದ ಕಲ್ಲು, ಮದ್ಯದಿಂದ ಆದ ಹಾನಿ – ಇವುಗಳಿಗೂ ಅದೇ ಹಳದಿ ಬಣ್ಣ. ರಕ್ತ ಪರೀಕ್ಷೆ ಮಾಡಿಸದೆ ಯಾವುದೆಂದು ಹೇಳಲಾಗದು. ಕಣ್ಣಿಗೆ, ಮೂಗಿಗೆ ರಸ ಬಿಡುವುದು, ಕೈಗೆ ಬರೆ ಹಾಕುವುದು ಹೊಸ ಗಾಯ ಮಾಡುತ್ತವೆಯೇ ಹೊರತು ಕಾಮಣಿ ಇಳಿಸುವುದಿಲ್ಲ. ಉಪ್ಪಿಲ್ಲದ, ಎಣ್ಣೆಯಿಲ್ಲದ ಸಪ್ಪೆ ಊಟದ ಪಥ್ಯವೂ ಬೇಕಿಲ್ಲ. ಸೇರಿದ್ದನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನಲಿ. ಮದ್ಯ ಪೂರ್ತಿ ಬಿಡಬೇಕು. ಯಾವ ಮಾತ್ರೆ ನುಂಗುವ ಮುಂಚೆಯೂ ವೈದ್ಯರನ್ನು ಕೇಳಬೇಕು.

ಒಂದು ಮಾತು ಮಾತ್ರ ಮರೆಯಬೇಡಿ. ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಬಂದರೆ ಸಾವಿನ ಅಪಾಯ ಶೇಕಡಾ 20ರಿಂದ 25ರವರೆಗೂ ಹೋಗಬಲ್ಲದು. ಕಣ್ಣು ಹಳದಿಯಾದ ಗರ್ಭಿಣಿಯನ್ನು ನಾಟಿ ಔಷಧಕ್ಕೆ ಒಯ್ದು ಒಂದು ದಿನವನ್ನೂ ಕಳೆಯಬೇಡಿ. ಕಾಮಣಿ ಆದವರು ಯಾರೇ ಆಗಲಿ, ಮಂಪರಾದರೆ, ಅಸಂಬದ್ಧ ಮಾತಾಡಿದರೆ ಅದು ಪಿತ್ತಜನಕಾಂಗ ಕೈಕೊಡುತ್ತಿರುವ ಸೂಚನೆ.

ಪಟಿಕ, ಕುದಿಸುವುದು, ಫಿಲ್ಟರ್ ನೀರು: ಯಾವುದು ಏನು ಮಾಡುತ್ತದೆ?

ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಾದಾಗ ಪಟಿಕದ ಹರಳು ಆಡಿಸುವ ರೂಢಿ ಇದೆ. ಪಟಿಕ ಮಣ್ಣನ್ನು ತಳಕ್ಕೆ ಇಳಿಸುತ್ತದೆ, ನೀರು ತಿಳಿಯಾಗುತ್ತದೆ. ಆದರೆ ರೋಗಾಣು ಸಾಯುವುದಿಲ್ಲ. ಬಟ್ಟೆಯಲ್ಲಿ ಸೋಸುವುದೂ ಅಷ್ಟೇ. ತಿಳಿಯಾದ ನೀರನ್ನು ಆಮೇಲೆ ಕುದಿಸಬೇಕು. ಗುಳ್ಳೆ ಚೆನ್ನಾಗಿ ಏಳತೊಡಗಿದ ಮೇಲೆ ಒಂದು ನಿಮಿಷ ಕುದ್ದರೆ ಸಾಕು. ಅರ್ಧ ತಾಸು ಗ್ಯಾಸ್ ಸುಡಬೇಕಿಲ್ಲ. ಕುದಿಸಲು ಆಗದಿದ್ದರೆ ಕ್ಲೋರಿನ್ ಮಾತ್ರೆಯನ್ನು ಅದರ ಮೇಲೆ ಬರೆದ ಅಳತೆಯಂತೆ ಹಾಕಿ, ಅರ್ಧ ತಾಸು ಬಿಟ್ಟು ಕುಡಿಯಿರಿ. ನಳದ ನೀರಿಗೆ ಬ್ಲೀಚಿಂಗ್ ವಾಸನೆ ಬಂದರೆ ‘ವಿಷ ಬೆರೆಸಿದ್ದಾರೆ’ ಎಂದಲ್ಲ. ರೋಗಾಣು ಕೊಲ್ಲುವ ಕ್ಲೋರಿನ್ ನಿಮ್ಮ ಮನೆಯವರೆಗೆ ತಲುಪಿದೆ ಎಂದು.

ನಳ ಬಂದಾಗ ಮೊದಲು ಬರುವ ನೀರೇ ಹೆಚ್ಚು ಕೊಳಕು. ಅದನ್ನು ತಿಕ್ಕಿ ತೊಳೆಯಲು, ಬಟ್ಟೆಗೆ ಬಳಸಿ, ಕುಡಿಯುವ ಕೊಡವನ್ನು ಆಮೇಲೆ ತುಂಬಿ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ಒಳಗೆ ಪಾಚಿ ಕಟ್ಟಿದ್ದರೆ ಆ ನೀರಿನ ಶುದ್ಧಿಗೆ ಅರ್ಥವಿಲ್ಲ. ಮನೆಯಲ್ಲಿ ಲೋಟ ಅದ್ದಿ ತೆಗೆಯುವ ಬದಲು ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವ ಡಬ್ಬಿ ಬಳಸಿ.

ಮುಂಡರಗಿ ತಾಲೂಕಿನವರಿಗೆ ಇನ್ನೊಂದು ಮಾತು. ಅಲ್ಲಿನ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಹಲ್ಲು ಕಂದುಗಟ್ಟುವುದು, ಮೂಳೆ ಬಿಗಿಯುವುದು ಅದರಿಂದ. ಅದು ಸೋಂಕಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದೂ ಇಲ್ಲ. ಕುಡಿಯಲು ಹೊಳೆಯ ನೀರು ಅಥವಾ ಆರ್‌ಓ ಘಟಕದ ನೀರೇ ಆಗಬೇಕು.

ಜ್ವರ ಬಂದಾಗ ಏನು ಮಾಡಬೇಕು?

ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ‘ಎಷ್ಟನೇ ದಿನ?’ ಎಂಬುದು. ಕುಡಿದದ್ದು ಎಷ್ಟು, ಮೂತ್ರ ಎಷ್ಟು ಸಲ ಎಂದು ಬರೆದಿಡಿ. ಎರಡು ದಿನ ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ. ಚಳಿ-ನಡುಕ ಇದ್ದರೆ ಮಲೇರಿಯಾ ಪರೀಕ್ಷೆಯೂ ಸೇರಲಿ. ಮೇಲೆ ಹೇಳಿದ ಅಪಾಯದ ಲಕ್ಷಣ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೆಚ್ಚಿನ ಚಿಕಿತ್ಸೆಗೆ ಗದಗದ ಮಲ್ಲಸಮುದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಜಿಮ್ಸ್ ಆಸ್ಪತ್ರೆ ಇದೆ. ಆಂಬುಲೆನ್ಸ್‌ಗೆ 108, ಸಲಹೆಗೆ ಆರೋಗ್ಯ ಸಹಾಯವಾಣಿ 104.

ಫಾರ್ವರ್ಡ್ ಮಾಡುವ ಮುಂಚೆ

ಜ್ವರದ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವಾಗ ಆಸ್ಪತ್ರೆಗೆ ಹೋಗಬೇಕೆಂದು ಇದರಲ್ಲಿ ಹೇಳಿದೆಯೇ? ಒಂದೇ ಔಷಧ ಎಲ್ಲರಿಗೂ, ಎಲ್ಲ ಜ್ವರಕ್ಕೂ ಎನ್ನುತ್ತಿದೆಯೇ? ಈ ಕಾಯಿಲೆ ಔಷಧ ಇಲ್ಲದೆಯೂ ವಾಸಿಯಾಗುವಂಥದ್ದೇ? ಮೊದಲ ಪ್ರಶ್ನೆಗೆ ‘ಇಲ್ಲ’, ಉಳಿದೆರಡಕ್ಕೆ ‘ಹೌದು’ ಎಂದಾದರೆ ಅದನ್ನು ಮುಂದೆ ಕಳಿಸಬೇಡಿ.

ಕಳಿಸಲೇಬೇಕು ಎನಿಸಿದರೆ ಇಷ್ಟು ಬರೆದು ಓಣಿಯ ಗ್ರೂಪಿಗೆ ಹಾಕಿ: ‘ನಾಳೆ ನಳ ಬರುತ್ತದೆ. ತುಂಬುವ ಮುಂಚೆ ಬ್ಯಾರಲ್ ಒಳಗೋಡೆ ತಿಕ್ಕಿ, ತುಂಬಿದ ಮೇಲೆ ಬಟ್ಟೆ ಕಟ್ಟಿ. ಜ್ವರ ಬಿಟ್ಟ ಮೇಲೂ ಎರಡು ದಿನ ರೋಗಿಯ ಮೇಲೆ ಕಣ್ಣಿಡಿ.’